ನೆರಳು ಕೋರಿ ಸಲ್ಲಿಸಿದ ಅರ್ಜಿ

ಸರ್ಕಾರದ ಹತ್ತಿರ ಏನು ಬೇಕಾದರೂ ಕೇಳಿ, ಮರ ಮಾತ್ರ ಕೇಳಬೇಡಿ. ಕೇಳಿದಿರೋ, ನಾನೀಗ ಹೇಳಲಿರುವಂಥವು ಒಂದರ ಹಿಂದೆ ಒಂದು ನಡೆಯುತ್ತಲೇ ಇರುತ್ತವೆ. ನಗಬೇಕೋ ಅಳಬೇಕೋ ಗೊತ್ತಾಗದೆ ನಾನು ಸದ್ಯಕ್ಕೆ ನಗುವುದನ್ನು ರೂಢಿ ಮಾಡಿಕೊಂಡಿದ್ದೇನೆ.

ನಾನು ಯಾರು ಎಂದು ಮೊದಲೇ ಹೇಳಿಬಿಡುವುದು ಒಳ್ಳೆಯದು. ಸರ್ಕಾರಿ ಕಚೇರಿಯೊಂದರಲ್ಲಿ ಗುಮಾಸ್ತನಾಗಿ ಸೇರಿ, ಮೂವತ್ತನಾಲ್ಕು ವರ್ಷ ಕೂತು, ಸೂಪರಿಂಟೆಂಡೆಂಟ್ ಆಗಿ ನಿವೃತ್ತನಾದವನು. ಜನ ತಂದುಕೊಟ್ಟ ಅರ್ಜಿಯಲ್ಲಿ ಏನು ಕಡಿಮೆಯಿದೆ ಎಂದು ಹುಡುಕುವುದೇ ನನ್ನ ಕೆಲಸ. ಆ ಕೆಲಸದಲ್ಲಿ ನನಗೆ ಒಳ್ಳೆಯ ಹೆಸರಿತ್ತು. ನಿವೃತ್ತನಾಗಿ ವಾರ ಕಳೆಯುವಷ್ಟರಲ್ಲಿ ಕೆಸರೆ ಕಡೆಯ ನಮ್ಮ ಬಡಾವಣೆಯ ರಸ್ತೆಯವರು ನನ್ನನ್ನು ಹಿಡಿದು ನಿವಾಸಿಗಳ ಸಂಘಕ್ಕೆ ಕಾರ್ಯದರ್ಶಿ ಮಾಡಿದರು. "ಆ ಕಡೆಯವರ ಭಾಷೆ ನಿಮಗೇ ಚೆನ್ನಾಗಿ ಬರುತ್ತೆ ಸಾರ್" ಎಂದರು. ಹೊಗಳಿಕೆ ಎಂದೇ ತಿಳಿದುಕೊಂಡೆ.

ನಮ್ಮ ರಸ್ತೆಯ ಮೂಲೆಯಲ್ಲಿ ಬೀಗ ಹಾಕಿದ ಮನೆಯೊಂದಿದೆ. ಅಣ್ಣತಮ್ಮಂದಿರ ಭಾಗದ ಕೇಸು ಕೋರ್ಟಿನಲ್ಲಿರುವುದರಿಂದ ಅಲ್ಲಿ ಯಾರೂ ವಾಸವಿಲ್ಲ. ಅದರ ಉದ್ದನೆಯ ಕಾಂಪೌಂಡಿಗೆ ಒತ್ತಿಕೊಂಡು ಮೂರು ಹೊಂಗೆ ಮರಗಳಿದ್ದವು. ಆ ಮರಗಳ ಕೆಳಗೆ ಇಸ್ತ್ರಿಯಮ್ಮನ ಗಾಡಿ. ಹೆಸರು ಬೇರೆ ಇತ್ತು, ಆದರೆ ನಮ್ಮೆಲ್ಲರಿಗೂ ಆಕೆ ಇಸ್ತ್ರಿಯಮ್ಮನೇ. ನಮ್ಮ ಹನ್ನೆರಡು ಮನೆಗಳ ಬಟ್ಟೆಯೂ ಆಕೆಯ ಕೈಯಲ್ಲೇ ಗೆರೆ ಕಾಣುತ್ತಿದ್ದದ್ದು. ಚರಂಡಿ ಅಗಲ ಮಾಡುವ ಕೆಲಸ ಬಂತು, ಎರಡು ದಿನದಲ್ಲಿ ಮೂರೂ ಮರ ಉರುಳಿದವು, ಗಾಡಿ ಮಾತ್ರ ಉಳಿಯಿತು. ಅಲ್ಲಿಂದಾಚೆಗೆ ಆಕೆಗೆ ನೆತ್ತಿಯ ಮೇಲೆ ಬಿಸಿಲು, ಕೈಯಲ್ಲಿ ಕೆಂಡ ತುಂಬಿದ ಇಸ್ತ್ರಿ ಪೆಟ್ಟಿಗೆ. ನಾವು ಒಂದು ದೊಡ್ಡ ಕೊಡೆ ಕೊಡಿಸಿದೆವು. ಕಿಡಿ ಹಾರಿ ಹಾರಿ ತಿಂಗಳೊಪ್ಪತ್ತಿನಲ್ಲಿ ಅದು ಜರಡಿಯಾಯಿತು. ಟಾರ್ಪಾಲು ಕಟ್ಟಿಸಿದೆವು. ಪಾದಚಾರಿ ಮಾರ್ಗದ ಮೇಲೆ ಛಾವಣಿ ಹಾಕುವ ಹಾಗಿಲ್ಲ ಎಂದು ಜೀಪಿನಲ್ಲಿ ಬಂದವರು ಅದನ್ನು ಕಿತ್ತುಕೊಂಡು ಹೋದರು.

ಏಪ್ರಿಲ್ ತಿಂಗಳ ಒಂದು ಮಧ್ಯಾಹ್ನ ಆಕೆ ನನ್ನ ಅಂಗಿ ಇಸ್ತ್ರಿ ಮಾಡುತ್ತಾ ಮಾಡುತ್ತಾ ಹಾಗೇ ಕುಸಿದುಬಿದ್ದಳು. ನೀರು ಚಿಮುಕಿಸಿ ಎಬ್ಬಿಸಿದೆವು. ಕಣ್ಣುಬಿಟ್ಟವಳೇ ಮೊದಲು ಕೇಳಿದ್ದು, "ಅಂಗಿ ಸುಟ್ಟೋಯ್ತಾ ಸಾರ್?"

ಸುಟ್ಟಿರಲಿಲ್ಲ. ಅವತ್ತು ಸಂಜೆಯೇ ನಾನು ಕನ್ನಡಕ ಏರಿಸಿಕೊಂಡು ಅರ್ಜಿ ಬರೆಯಲು ಕೂತೆ.

೧. ಸರ್ವಾನುಮತ

ನಗರಗಳಲ್ಲಿ ಜನರೇ ಸೇರಿ ಮರ ಬೆಳೆಸುವುದಕ್ಕೆ ಸರ್ಕಾರದ ಅನುದಾನವೊಂದಿದೆ. ಕನಿಷ್ಠ ಹನ್ನೆರಡು ಸಸಿ ನೆಡಬೇಕು. ಸಸಿ ಅವರೇ ಕೊಡುತ್ತಾರೆ, ಸುತ್ತ ಕಬ್ಬಿಣದ ಬೇಲಿ ಹಾಕಿಸುತ್ತಾರೆ, ಎರಡು ಬೇಸಿಗೆ ಟ್ಯಾಂಕರಿನಲ್ಲಿ ನೀರು ಬಿಡಿಸುತ್ತಾರೆ. ಗೋಕುಲಂ ಕಡೆ ಒಂದು ರಸ್ತೆಯವರು ಹೀಗೇ ಮಾಡಿಸಿಕೊಂಡಿದ್ದರು. ಷರತ್ತು ಒಂದೇ: ಯಾರ ಮನೆಯ ಮುಂದೆ ಸಸಿ ಬರುತ್ತದೋ ಆ ಮನೆಯವರು ಒಪ್ಪಿ ಸಹಿ ಹಾಕಬೇಕು.

ಹನ್ನೆರಡು ಮನೆ, ಹನ್ನೆರಡು ಸಸಿ. ಮನೆಗೊಂದು. ಇಷ್ಟು ಸಲೀಸಾದ ಲೆಕ್ಕ ನನ್ನ ಇಡೀ ಸರ್ವೀಸಿನಲ್ಲಿ ಸಿಕ್ಕಿರಲಿಲ್ಲ. ಗಣಪತಿ ಗುಡಿಯ ಜಗಲಿಯಲ್ಲಿ ಸಭೆ ಸೇರಿಸಿದೆ. ಎಲ್ಲರೂ ಬಂದರು. ಮರ ಬೇಕು ಎಂಬ ವಿಷಯದಲ್ಲಿ ಯಾರಿಗೂ ಎರಡು ಮಾತಿರಲಿಲ್ಲ.

"ಮರ ಅಂದ್ರೆ ದೇವರು ಕಣ್ರೀ" ಎಂದರು ನಿವೃತ್ತ ಶಾಲಾ ಮೇಡಂ ಒಬ್ಬರು. "ಆದ್ರೆ ನಮ್ಮನೆ ಸಂಪು ಗೇಟಿನ ಹತ್ರಾನೇ ಇದೆಯಲ್ಲ. ಬೇರು ಒಳಗೆ ಬಂದ್ಬಿಟ್ರೆ?"

ಅವರ ಪಕ್ಕದವರದು ಹೊಸ ಕಾರು. ಹಕ್ಕಿಗಳ ವಿಷಯ ಎತ್ತಿದರು. ಆಚೆ ಮನೆಯವರಿಗೆ ಈಶಾನ್ಯ ಮೂಲೆ ಅಡ್ಡ ಬಂತು. ದಿನಸಿ ಅಂಗಡಿ ಯಜಮಾನರಿಗೆ ಅಂಗಡಿಯ ಬೋರ್ಡು ಮರೆಯಾಗುವ ಚಿಂತೆ. ಇನ್ನೊಬ್ಬರು, "ಎಲೆ ಉದುರುತ್ತೆ ಸಾರ್, ನಮ್ಮವಳಿಗೆ ಸೊಂಟನೋವು" ಎಂದು ಹೆಂಡತಿಯ ಕಡೆ ನೋಡಿದರು. ಆಕೆಯೂ ತಕ್ಷಣ ಸೊಂಟದ ಮೇಲೆ ಕೈ ಇಟ್ಟುಕೊಂಡರು. ನಮ್ಮ ಮನೆಯಾಕೆ ಸಭೆಗೆ ಬರುವ ಮೊದಲೇ ನನಗೆ ಹೇಳಿದ್ದಳು, ನಮ್ಮ ಮನೆಯ ಮುಂದೆ ರಂಗೋಲಿಗೆ ಜಾಗ ಬೇಕು ಎಂದು.

ಕೊನೆಗೆ ಹನ್ನೆರಡು ಮನೆಯವರ ಬೆರಳೂ ಒಂದೇ ಕಡೆ ತಿರುಗಿತು. ಬೀಗ ಹಾಕಿದ ಮನೆ.

"ಹನ್ನೆರಡೂ ಅಲ್ಲೇನಾ?" ಎಂದೆ.

"ಒತ್ತೊತ್ತಾಗಿ ನೆಡೋದೇ ಈಗ ಹೊಸ ಪದ್ಧತಿ ಅಂತೆ ಸಾರ್."

ಇಸ್ತ್ರಿಯಮ್ಮನ ಗಾಡಿ ನಿಲ್ಲುವುದೂ ಅಲ್ಲೇ. ಆದ್ದರಿಂದ ನನಗೆ ಒಳಗೊಳಗೇ ಸಮಾಧಾನವಾಯಿತು. ಆದರೂ ಹಳೆಯ ಚಾಳಿ ಬಿಡಬೇಕಲ್ಲ, ಕೇಳಿದೆ. "ಆ ಮನೆಯವರು ಒಪ್ಪಬೇಕಲ್ವಾ?"

ದಿನಸಿ ಅಂಗಡಿ ಯಜಮಾನರು ಹೇಳಿದರು: "ಬೇಡ ಅನ್ನೋಕೆ ಅಲ್ಲಿ ಯಾರಿದ್ದಾರೆ ಸಾರ್? ಅದೇ ಒಪ್ಪಿಗೆ."

ನಡಾವಳಿ ಪುಸ್ತಕದಲ್ಲಿ ಹಾಗೇ ಬರೆದೆ. ವಿರೋಧಿಸಲು ಯಾರೂ ವಾಸವಿಲ್ಲದ ಕಾರಣ ನಿರ್ಣಯವನ್ನು ಸರ್ವಾನುಮತದಿಂದ ಅಂಗೀಕರಿಸಲಾಯಿತು.

೨. ಶಿಷ್ಯ

ಅರ್ಜಿ ತೆಗೆದುಕೊಳ್ಳುವ ಮೇಜಿನ ಹಿಂದೆ ಕೂತಿದ್ದವನನ್ನು ನೋಡಿ ನನಗೆ ಹಾಲು ಕುಡಿದಷ್ಟು ಸಂತೋಷವಾಯಿತು. ಹಿಂದೆ ನನ್ನ ಕೈಕೆಳಗೆ ಕೆಲಸ ಕಲಿತವನು. ಎದ್ದು ನಿಂತ, ಕಾಲು ಮುಟ್ಟಿ ನಮಸ್ಕರಿಸಿದ, ಕುರ್ಚಿ ಒರೆಸಿ ಕೂರಿಸಿದ, ಕಾಫಿ ತರಿಸಿದ. ಅರ್ಜಿಯನ್ನು ಮೊದಲಿಂದ ಕೊನೆಯವರೆಗೆ ಓದಿ, "ಎಲ್ಲ ಸರಿಯಾಗಿದೆ ಸಾರ್. ಚರಂಡಿಯವರಿಂದ ಒಂದು ನಿರಾಕ್ಷೇಪಣಾ ಪತ್ರ ಬೇಕಾಗುತ್ತೆ, ಅಷ್ಟೇ" ಎಂದ.

ಚರಂಡಿಯವರ ಪತ್ರಕ್ಕೆ ಒಂದು ತಿಂಗಳಾಯಿತು. ತಗೊಂಡು ಹೋದೆ. ಕಾಫಿ ಬಂತು. "ಕರೆಂಟಿನವರದೂ ಒಂದು ಇದ್ದರೆ ಒಳ್ಳೇದು ಸಾರ್."

ಕರೆಂಟಿನ ಕಚೇರಿಯವರು ಹತ್ತು ವರ್ಷದ ನಂತರ ಮರ ಎಷ್ಟು ಎತ್ತರ ಆಗುತ್ತದೆ ಎಂದು ಕೇಳಿದರು. ಅಂದಾಜಿನಲ್ಲಿ ಬರೆದುಕೊಟ್ಟೆ. ಅದಕ್ಕಿಂತ ಎತ್ತರ ಬೆಳೆಯುವುದಿಲ್ಲ ಎಂದು ಮುಚ್ಚಳಿಕೆ ಬರೆದುಕೊಡಿ ಎಂದರು. ಹೊಂಗೆ ಮರದ ಪರವಾಗಿ ನಾನೇ ಸಹಿ ಹಾಕಿದೆ. ಅದನ್ನೂ ತಗೊಂಡು ಹೋದೆ. ಕಾಫಿ ಬಂತು. "ಸ್ಥಳದ ನಕ್ಷೆ ಸಾರ್, ಮೂರು ಪ್ರತಿ." ನಕ್ಷೆ ಮಾಡಿಸಿದೆ. ಕಾಫಿ ಬಂತು. "ನೀವೇ ಕಾರ್ಯದರ್ಶಿ ಅನ್ನೋದಕ್ಕೆ ಸಭೆಯ ನಡಾವಳಿ, ದೃಢೀಕರಿಸಿದ್ದು."

ಇಷ್ಟರಲ್ಲಿ ಮಳೆಗಾಲ ಮುಗಿದು ದಸರೆಯ ದೀಪ ಕಟ್ಟುವ ಕಾಲ ಬಂದಿತ್ತು. ಐದನೆಯ ಸಲ ಹೋದಾಗ ಕಾಫಿ ಮುಟ್ಟಲಿಲ್ಲ. ಸಿಟ್ಟು ನೆತ್ತಿಗೇರಿತ್ತು. "ಏನಯ್ಯಾ, ನಿನಗೆ ಏನೇನು ಬೇಕೋ ಎಲ್ಲಾ ಒಂದೇ ಸಲ ಹೇಳೋಕೆ ಏನು ಧಾಡಿ? ಅಲ್ಲಿ ಒಬ್ಬಳು ಹೆಂಗಸು ಬಿಸಿಲಲ್ಲಿ ನಿಂತಿದ್ದಾಳೆ!"

ಅವನು ನಿಜವಾಗಿಯೂ ಬೇಸರಪಟ್ಟುಕೊಂಡ. ನನ್ನ ಕಡೆ ಬಗ್ಗಿ, ಅಕ್ಕಪಕ್ಕದವರಿಗೆ ಕೇಳಿಸದಂತೆ ಹೇಳಿದ. "ಸಾರ್, ನಾನು ಕೆಲಸಕ್ಕೆ ಸೇರಿದ ಮೊದಲನೇ ದಿನ ನೀವೇ ಹೇಳಿಕೊಟ್ಟಿದ್ದು ಇದು. ಎಲ್ಲಾ ಒಂದೇ ಸಲ ಹೇಳ್ಬಿಟ್ರೆ ಅವರು ಎಲ್ಲಾ ತಂದುಬಿಡ್ತಾರೆ, ಆಮೇಲೆ ನಾವು ಕೆಲಸ ಮಾಡಬೇಕಾಗುತ್ತೆ ಅಂತ."

ಆರಿದ ಕಾಫಿಯನ್ನು ಗುಟುಕರಿಸಿ ಎದ್ದು ಬಂದೆ.

೩. ಸ್ಥಳ ಪರಿಶೀಲನೆ

ಅಂತೂ ಮಾರ್ಚ್ ತಿಂಗಳಲ್ಲಿ ಸ್ಥಳ ನೋಡಲು ಒಬ್ಬ ಅಧಿಕಾರಿ ಬಂದರು. ಒಳ್ಳೆಯ ಮನುಷ್ಯ. ಟೋಪಿ ಹಾಕಿಕೊಂಡು, ನೀರಿನ ಬಾಟಲಿ ಹಿಡಿದುಕೊಂಡು ಹನ್ನೆರಡು ಗಂಟೆಯ ಬಿಸಿಲಲ್ಲಿ ಕಾಂಪೌಂಡಿನ ಉದ್ದ ಅಳೆದರು. ಇಸ್ತ್ರಿಯಮ್ಮ ಅವತ್ತು ಬಂದಿರಲಿಲ್ಲ. ತಲೆಸುತ್ತು ಎಂದು ಮನೆಯಲ್ಲೇ ಮಲಗಿದ್ದಳು. ಎಷ್ಟು ಬಿಸಿಲು ಬೀಳುತ್ತದೆ ಎಂಬುದನ್ನು ಅಧಿಕಾರಿಗಳಿಗೆ ಕಣ್ಣಾರೆ ತೋರಿಸಬೇಕು ಎಂದು ನಾನೇ ಆ ಹೊತ್ತು ಗೊತ್ತುಮಾಡಿದ್ದೆ. ಬಹಳ ಬುದ್ಧಿವಂತಿಕೆಯ ಕೆಲಸ ಎಂದುಕೊಂಡಿದ್ದೆ.

ಅಳತೆ ಮುಗಿಯಿತು. ಇನ್ನು ಫೋಟೋ. ಜಾಗದಲ್ಲೇ ನಿಂತು ಇಲಾಖೆಯ ಆ್ಯಪಿನಲ್ಲಿ ಫೋಟೋ ತೆಗೆದರೆ ಯಾವ ಸ್ಥಳ, ಯಾವ ಹೊತ್ತು ಎಂಬುದೆಲ್ಲ ತಾನಾಗಿಯೇ ದಾಖಲಾಗುತ್ತದಂತೆ. ಫೋನು ತೆರೆದರು. ಅದು ಬಿಸಿಲಿಗೆ ಕಾದು, ಬಿಸಿ ಜಾಸ್ತಿಯಾಗಿದೆ, ತಣ್ಣಗಾಗುವವರೆಗೆ ಕೆಲಸ ಮಾಡುವುದಿಲ್ಲ ಎಂದು ಬರೆದುಕೊಂಡು ಕಪ್ಪಾಗಿ ಕೂತುಬಿಟ್ಟಿತು.

"ಸ್ವಲ್ಪ ನೆರಳಿಗೆ ಹೋಗೋಣ ಸಾರ್" ಎಂದರು ಪಾಪ.

ನೆರಳು ನಮ್ಮ ರಸ್ತೆಯಲ್ಲಿಲ್ಲ. ಅದಿಲ್ಲ ಎಂದೇ ಅಲ್ಲವೇ ಅರ್ಜಿ. ಎರಡು ರಸ್ತೆ ದಾಟಿ ಹಳೆಯ ಬೇವಿನ ಮರವೊಂದರ ಕೆಳಗೆ ಹೋಗಿ ನಿಂತೆವು. ತಂಪು ಗಾಳಿ ಬಂತು. ಫೋನಿಗೂ ಜೀವ ಬಂತು. ಅವರಿಗೆ ಮತ್ತೆ ಆ ಬಿಸಿಲಿಗೆ ಹೋಗಲು ಮನಸ್ಸಾಗಲಿಲ್ಲ. ನನಗೂ ಹೋಗೋಣ ಎನ್ನಲು ಬಾಯಿ ಬರಲಿಲ್ಲ. ಅಲ್ಲೇ ನಿಂತು ಆ್ಯಪು ಕೇಳಿದ ನಾಲ್ಕು ಫೋಟೋ ತೆಗೆದು ಮುಗಿಸಿದರು.

ಮೂರು ವಾರಕ್ಕೆ ಉತ್ತರ ಬಂತು. "ಸ್ಥಳ ಪರಿಶೀಲನೆ ನಡೆಸಲಾಗಿದ್ದು, ಸದರಿ ಸ್ಥಳದಲ್ಲಿ ಈಗಾಗಲೇ ದಟ್ಟವಾದ ನೆರಳಿನ ಮರ ಇರುವುದು ಛಾಯಾಚಿತ್ರಗಳಿಂದ ಕಂಡುಬಂದಿರುತ್ತದೆ. ಆದ್ದರಿಂದ ಅನುದಾನದ ಅವಶ್ಯಕತೆ ಕಂಡುಬರುವುದಿಲ್ಲ."

ಪತ್ರವನ್ನು ಇಸ್ತ್ರಿಯಮ್ಮನಿಗೆ ಓದಿ ಹೇಳಿದೆ. ಆಕೆ ಸೆರಗಿನಿಂದ ಮುಖ ಒರೆಸಿಕೊಂಡು ತಲೆಯೆತ್ತಿ ಆಕಾಶ ನೋಡಿದಳು. "ಮರ ಐತಂತಾ ಸಾರ್? ಹಂಗಾದ್ರೆ ನಂಗೇ ಕಣ್ಣು ಕಾಣ್ತಿಲ್ಲ ಬುಡಿ."

೪. ಸುಕ್ಕು

ಮೇಲ್ಮನವಿ ಹಾಕಿದೆ. ಮೇ ತಿಂಗಳಲ್ಲಿ ಬೇರೊಬ್ಬ ಅಧಿಕಾರಿ ಬಂದರು. ಇವರಿಗೆ ಅಲ್ಲಿಂದ ಹೊರಟು ಯಾವುದೋ ಸಭೆಗೆ ಹೋಗುವ ಅವಸರ. ಜೀಪಿನಿಂದ ಇಳಿಯುವಾಗಲೇ ಕೈಯಲ್ಲಿ ಹ್ಯಾಂಗರಿಗೆ ಹಾಕಿದ ಅಂಗಿಯೊಂದಿತ್ತು. ಎದುರಿಗೆ ಇಸ್ತ್ರಿ ಗಾಡಿ ಕಂಡಿತು.

"ಐದು ನಿಮಿಷದಲ್ಲಿ ಮಾಡಿಕೊಡಮ್ಮ. ಕಾಲರ್ ಸರಿಯಾಗಿ ಕೂರಲಿ."

ಆಕೆ ಅಂಗಿ ಹರಡಿಕೊಂಡಳು. ಇವರು ನನ್ನ ಜೊತೆ ಕಾಂಪೌಂಡಿನ ಉದ್ದಕ್ಕೂ ಓಡಾಡಿದರು. ಮಣ್ಣು ಚೆನ್ನಾಗಿದೆ ಎಂದರು. ಬಿಸಿಲು ವಿಪರೀತ ಎಂದರು. ಮರ ಬೇಕೇ ಬೇಕು ಎಂದರು. ನನಗೆ ಕುಣಿಯುವಷ್ಟು ಖುಷಿ. ಆಮೇಲೆ ಕಾಗದದ ಮೇಲೆ ಏನೋ ಬರೆಯತೊಡಗಿದರು. ಇಣುಕಿ ನೋಡಿದೆ. "ಸದರಿ ಸ್ಥಳದಲ್ಲಿ ಒಂದು ತಳ್ಳುಗಾಡಿಯ ಒತ್ತುವರಿ ಕಂಡುಬಂದಿದ್ದು, ಅದನ್ನು ತೆರವುಗೊಳಿಸಿದ ನಂತರ ಮಂಜೂರಾತಿಗೆ ಪರಿಗಣಿಸಬಹುದು."

"ಸಾರ್, ಆಕೆಗೆ ನೆರಳು ಬೇಕು ಅಂತಲೇ ಈ ಅರ್ಜಿ!"

"ನಂಗೂ ಅರ್ಥವಾಗುತ್ತೆ. ಮರ ಬರಲಿ, ಆಮೇಲೆ ಬಂದು ನಿಂತುಕೊಳ್ಳಲಿ."

"ಮರ ಬರೋಕೆ ಆರೇಳು ವರ್ಷ ಬೇಕಲ್ಲ?"

"ಅಲ್ಲಿವರೆಗೂ ನೆರಳಿರೋ ಬೇರೆ ಕಡೆ ನಿಂತುಕೊಳ್ಳಲಿ."

ಇದೆಲ್ಲ ಆಕೆಗೆ ಕೇಳಿಸುತ್ತಿತ್ತು. ಪೆಟ್ಟಿಗೆಯ ಕೆಂಡ ಊದಿಕೊಂಡು, ಎರಡು ತೋಳಿಗೂ ಗೆರೆ ಎಳೆದು, ಕಾಲರನ್ನು ಬೆರಳಿನಿಂದ ಒತ್ತಿ ಕೂರಿಸಿ, ಅಂಗಿಯನ್ನು ಹ್ಯಾಂಗರಿಗೆ ಹಾಕಿ ಎರಡೂ ಕೈಯಲ್ಲಿ ಹಿಡಿದು ತಂದುಕೊಟ್ಟಳು.

"ಸುಕ್ಕು ತೆಗ್ದಿವ್ನಿ ಸಾರ್. ಇನ್ನು ನೀವು ನನ್ನ ತೆಗೀರಿ."

ಅಧಿಕಾರಿ ಜೀಪಿನ ಹಿಂದೆ ಹೋಗಿ ಆ ಅಂಗಿ ಹಾಕಿಕೊಂಡು ಸಭೆಗೆ ಹೋದರು.

ಅವತ್ತು ನನ್ನ ಮೂವತ್ತನಾಲ್ಕು ವರ್ಷ ಉಪಯೋಗಕ್ಕೆ ಬಂತು. ನಿಯಮಗಳನ್ನು ಮೂರು ಸಲ ಓದಿದೆ. ಸಸಿಗಳನ್ನು ನೋಡಿಕೊಳ್ಳಲು ಸಂಘದಿಂದ ಒಬ್ಬ ಪಾಲಕರನ್ನು ನೇಮಿಸಬೇಕು, ಅವರ ಪರಿಕರಗಳನ್ನು ಇಡಲು ಸ್ಥಳದಲ್ಲೇ ಅವಕಾಶವಿದೆ ಎಂಬ ಸಾಲು ಸಿಕ್ಕಿತು. ಇಸ್ತ್ರಿಯಮ್ಮನನ್ನು ಸಸಿಪಾಲಕಿ ಎಂದು ಬರೆದು ಸಹಿ ಹಾಕಿಸಿದೆ. ಗಾಡಿಯನ್ನು ಸಸಿಪಾಲಕಿಯ ನಿರ್ವಹಣಾ ಪರಿಕರ ಎಂದು ನಮೂದಿಸಿದೆ. ಇಸ್ತ್ರಿ ಪೆಟ್ಟಿಗೆಯಿಂದ ಸಸಿಗೆ ಯಾವ ರೀತಿಯ ನಿರ್ವಹಣೆ ಎಂದು ಯಾರೂ ಕೇಳಲಿಲ್ಲ. ಎರಡು ವಾರದಲ್ಲಿ ಮಂಜೂರಾಯಿತು.

೫. ಹನ್ನೆರಡು ಗುಂಡಿ

ಪರಿಸರ ದಿನಕ್ಕೆ ಸಸಿ ನೆಡುವ ಕಾರ್ಯಕ್ರಮ ಇಟ್ಟುಕೊಂಡರು. ಗಣ್ಯರೊಬ್ಬರು ಬರುತ್ತಾರೆ ಎಂದಾಯಿತು. ನಾವು ಇಬ್ಬರು ಆಳುಗಳನ್ನು ಹಿಡಿದು, ಹಿಂದಿನ ದಿನವೇ ಐದೈದು ಅಡಿಗೆ ಒಂದರಂತೆ ಹನ್ನೆರಡು ಗುಂಡಿ ತೆಗೆಸಿದೆವು. ಮೊಣಕಾಲುದ್ದ ಆಳ. ಕೆಳಗೆ ಕೊಟ್ಟಿಗೆ ಗೊಬ್ಬರ. ಗುಂಡಿ ಸಾಲು ನೋಡಿ ಇಸ್ತ್ರಿಯಮ್ಮ ಅರಿಸಿನ ಕುಂಕುಮ ಇಟ್ಟಳು.

ಬೆಳಿಗ್ಗೆ ಎದ್ದು ಹೋಗಿ ನೋಡುತ್ತೇನೆ, ಹನ್ನೆರಡು ಗುಂಡಿಯಲ್ಲೂ ಕಂಬ ನಿಂತಿವೆ. ಗಣ್ಯರಿಗೆ ಬಿಸಿಲು ತಾಗಬಾರದು ಎಂದು ಶಾಮಿಯಾನ ಹಾಕಿಸಿದ್ದಾರೆ. ಶಾಮಿಯಾನದವರು ಬಂದು ನೋಡಿದ್ದಾರೆ, ಒಂದೇ ಅಳತೆಯಲ್ಲಿ ಸಾಲಾಗಿ ಗುಂಡಿಗಳು ತಯಾರಾಗಿವೆ. ನಮಗೋಸ್ಕರವೇ ತೆಗೆಸಿದ್ದಾರೆ ಎಂದುಕೊಂಡು, ಕಂಬ ನಿಲ್ಲಿಸಿ, ಗೊಬ್ಬರದ ಮೇಲೆ ಕಲ್ಲು ಬಡಿದು ಬಿಗಿ ಮಾಡಿದ್ದಾರೆ.

"ಅಚ್ಚುಕಟ್ಟಾದ ಕೆಲಸ ಸಾರ್ ನಿಮ್ಮದು" ಎಂದ ಶಾಮಿಯಾನದವನು. "ಎಲ್ಲಾ ಕಡೆ ನಾವೇ ಅಗೆದು ಸಾಯಬೇಕು."

ಕಂಬ ಕೀಳಿಸೋಣ ಎಂದರೆ ಗಣ್ಯರ ಕಾರು ಆಗಲೇ ಲಕ್ಷ್ಮೀಪುರಂ ಬಿಟ್ಟಿದೆ ಎಂದು ಫೋನು ಬಂತು. ಕೊನೆಗೆ ಮೇಡಂ ಮನೆಯ ಒಂದು ದೊಡ್ಡ ಹೂಕುಂಡ ತಂದು, ಅದರಲ್ಲಿದ್ದ ದಾಸವಾಳವನ್ನು ಕಿತ್ತು ಪಕ್ಕಕ್ಕಿಟ್ಟು, ಅದರಲ್ಲಿ ಹೊಂಗೆ ಸಸಿ ನೆಡಿಸಿದೆವು. ಗಣ್ಯರು ಮಣ್ಣು ಹಾಕಿ, ನೀರೆರೆದು, ಮರಗಳ ಮಹತ್ವದ ಬಗ್ಗೆ ಮುಕ್ಕಾಲು ಗಂಟೆ ಮಾತಾಡಿದರು. ತಮ್ಮ ಮೇಲೆ ಬಿದ್ದಿದ್ದ ನೆರಳು ಎಷ್ಟು ತಂಪಾಗಿದೆ ನೋಡಿ ಎಂದೂ ಹೇಳಿದರು.

ಅದು ಸುಳ್ಳಲ್ಲ. ಇಸ್ತ್ರಿಯಮ್ಮ ಶಾಮಿಯಾನದ ಒಂದು ಅಂಚಿನಲ್ಲಿ ಗಾಡಿ ನಿಲ್ಲಿಸಿಕೊಂಡು ಕೆಲಸ ಮಾಡುತ್ತಿದ್ದಳು. ಮರ ಉರುಳಿದ ಮೇಲೆ ಆಕೆ ಸೆರಗು ತಲೆಯ ಮೇಲಿಂದ ಇಳಿಸಿದ್ದನ್ನು ನಾನು ನೋಡಿದ್ದು ಅವತ್ತೇ. ಕಾರ್ಯಕ್ರಮ ಮುಗಿಯಿತು, ಶಾಮಿಯಾನದ ಬಟ್ಟೆ ಬಿಚ್ಚತೊಡಗಿದರು. ಆಕೆ ಶಾಮಿಯಾನದವನ ಹತ್ತಿರ ಹೋಗಿ ಏನೋ ಕೇಳಿದಳು. ಅವನು ನಕ್ಕು ತಲೆಯಾಡಿಸಿದ. ಏನು ಕೇಳಿದೆಯಮ್ಮ ಎಂದೆ.

"ಮರ ಬೆಳೆಯೋಗಂಟ ಬುಟ್ಟಿರ್ತೀಯಾ ಅಂದೆ. ನಾಳಿಕ್ಕೆ ಮದ್ವೆ ಐತಂತೆ ಸಾರ್."

ಮಾರನೆಯ ದಿನ ನಾನು, ಆಕೆ, ಇಬ್ಬರು ಆಳುಗಳು ಸೇರಿ ಕಲ್ಲು ಕೆದಕಿ ಹನ್ನೆರಡು ಸಸಿಯನ್ನೂ ನೆಟ್ಟೆವು. ಟ್ಯಾಂಕರು ಎರಡು ಸಲ ಬಂತು. ಮೂರನೆಯ ಸಲದಿಂದ ಕಾಗದದಲ್ಲಿ ಮಾತ್ರ ಬಂತು. ಬಟ್ಟೆಗೆ ಚಿಮುಕಿಸಲು ಇಟ್ಟುಕೊಂಡಿದ್ದ ನೀರನ್ನೇ ಆಕೆ ಚೊಂಬಿನಲ್ಲಿ ಹೊತ್ತು ಹಾಕುತ್ತಿದ್ದಳು. ಕಡಿಮೆಯಾದರೆ ನಮ್ಮ ಮನೆಗಳ ನಲ್ಲಿಯಿಂದ ಹಿಡಿದು ತರುತ್ತಿದ್ದಳು. ಎಲ್ಲ ಸಸಿಯೂ ಹಿಡಿದವು. ಮುಂದಿನ ಬೇಸಿಗೆಗೆ ಸೊಂಟದೆತ್ತರ ಬಂದವು. "ಏನಮ್ಮ, ನೆರಳು ಕೊಡ್ತಿವೆಯಾ?" ಎಂದು ನಾನು ತಮಾಷೆ ಮಾಡಿದರೆ, ಆಕೆ ಸೂರ್ಯನಿಗೆ ಬೆನ್ನು ಕೊಟ್ಟು ನಿಂತು ಎಳೆಯ ಸಸಿಯೊಂದರ ಮೇಲೆ ಬಿದ್ದಿದ್ದ ತನ್ನ ನೆರಳು ತೋರಿಸಿದಳು. "ಸದ್ಯಕ್ಕೆ ನಾನೇ ಇವುಕ್ಕೆ ಕೊಡ್ತಿವ್ನಿ ಸಾರ್."

೬. ನಿಗದಿತ ನಮೂನೆ

ಆ ಬೇಸಿಗೆಯಲ್ಲೇ ಆಕೆ ಮತ್ತೆ ಕುಸಿದಳು. ಈ ಸಲ ನೀರು ಚಿಮುಕಿಸಿದರೂ ಏಳಲಿಲ್ಲ. ಆಸ್ಪತ್ರೆಗೆ ಸೇರಿಸಿದೆವು. ಎರಡನೆಯ ದಿನ ಹೋಗಿಬಿಟ್ಟಳು. ಡಾಕ್ಟರು ಕಾಗದದಲ್ಲಿ ಯಾವುದೋ ದೊಡ್ಡ ಹೆಸರು ಬರೆದುಕೊಟ್ಟರು. ಏನಾಯಿತು ಎಂಬುದು ನಮ್ಮ ರಸ್ತೆಯವರಿಗೆಲ್ಲ ಗೊತ್ತಿತ್ತು.

ಮಣ್ಣು ಮಾಡಿ ಬಂದು, ಸ್ನಾನ ಮಾಡಿ, ಮನೆಯ ಮುಂದೆ ಕುರ್ಚಿ ಹಾಕಿಕೊಂಡು ಕೂತೆ. ಪೋರ್ಟಿಕೋದಲ್ಲಿ ನನ್ನ ಕಾರು ತಣ್ಣಗೆ ನಿಂತಿತ್ತು. ಎದುರು ಮನೆಯ ಪೋರ್ಟಿಕೋದಲ್ಲಿ ಅವರ ಕಾರು. ಪಕ್ಕದ ಮನೆಯಲ್ಲಿ ಎರಡು ಸ್ಕೂಟರು. ಹನ್ನೆರಡು ಮನೆಗೂ ಪೋರ್ಟಿಕೋ ಇದೆ. ಮೂರು ಬೇಸಿಗೆ ನಾವೆಲ್ಲ ಸೇರಿ ಸರ್ಕಾರದ ಹತ್ತಿರ ನೆರಳು ಕೇಳಿದೆವು. "ಗಾಡಿ ಒಳಗೆ ತಂದುಬಿಡಮ್ಮ" ಎಂದು ಹೇಳಬೇಕೆಂದು ಒಬ್ಬರಿಗೂ ಹೊಳೆಯಲಿಲ್ಲ. ನನಗೂ ಹೊಳೆಯಲಿಲ್ಲ. ಮೂವತ್ತನಾಲ್ಕು ವರ್ಷದ ಅಭ್ಯಾಸ, ಏನೇ ಆಗಬೇಕಾದರೂ ಮೊದಲು ಅರ್ಜಿ. ಈ ಒಂದು ವಿಷಯ ನೆನೆದರೆ ನನಗೆ ಈಗಲೂ ನಗು ಬರುವುದಿಲ್ಲ, ನಾಚಿಕೆಯಾಗುತ್ತದೆ.

ಹನ್ನೊಂದನೆಯ ದಿನ ಕಳೆದ ಮೇಲೆ ಆಕೆಯ ಮಗಳು ಗಾಡಿ ತಳ್ಳಿಕೊಂಡು ಅದೇ ಜಾಗಕ್ಕೆ ಬಂದಳು. ಕೂಡಲೇ ಕಾರು ಹೊರಗೆ ತೆಗೆದು, ಗಾಡಿಯನ್ನು ನಮ್ಮ ಪೋರ್ಟಿಕೋದೊಳಗೆ ತರಿಸಿದೆ. ಕಾರನ್ನು ಮೂಲೆಯ ಮನೆಯ ಕಾಂಪೌಂಡಿನ ಹತ್ತಿರ, ಗಾಡಿ ನಿಲ್ಲುತ್ತಿದ್ದ ಜಾಗದಲ್ಲೇ ನಿಲ್ಲಿಸಿದೆ. ಇವತ್ತಿನವರೆಗೂ ಅದನ್ನು ಒತ್ತುವರಿ ಎಂದು ಯಾರೂ ಬರೆದಿಲ್ಲ.

ಕಾಗದದ ಕೆಲಸ ಇನ್ನೂ ಬಾಕಿಯಿತ್ತು. ಸಸಿಪಾಲಕಿ ತೀರಿಕೊಂಡಿದ್ದಾರೆ, ಟ್ಯಾಂಕರು ಕಳಿಸಿ ಎಂದು ಇಲಾಖೆಗೆ ಪತ್ರ ಬರೆದೆ. ಪತ್ರ ವಾಪಸು ಬಂತು. ಮಾಹಿತಿಯನ್ನು ನಿಗದಿತ ನಮೂನೆಯಲ್ಲಿಯೇ ಸಲ್ಲಿಸತಕ್ಕದ್ದು ಎಂದು ಷರಾ ಬರೆದಿದ್ದರು. ನಿಗದಿತ ನಮೂನೆ ಇರುವುದು ಒಂದೇ, ಸಸಿಗಳ ವರದಿ. ನೆಟ್ಟಿದ್ದು ಎಷ್ಟು, ಬದುಕಿರುವುದು ಎಷ್ಟು, ಸತ್ತಿದ್ದು ಎಷ್ಟು, ಸತ್ತಿದ್ದರೆ ಕಾರಣ. ಕಾರಣದ ಮುಂದೆ ನಾಲ್ಕು ಚೌಕಗಳು: ದನ, ವಾಹನ, ಕಿಡಿಗೇಡಿಗಳು, ಬಿಸಿಲು.

ನನಗೆ ರೇಗಿತು. ನೆಟ್ಟಿದ್ದು ಹನ್ನೆರಡು ಎಂದು ಬರೆದೆ. ಬದುಕಿರುವುದು ಹನ್ನೆರಡು. ಸತ್ತಿದ್ದು ಒಂದು. ಬಿಸಿಲಿನ ಚೌಕದಲ್ಲಿ ಟಿಕ್ ಹಾಕಿ ಕಳಿಸಿದೆ.

ಉತ್ತರ ಬಂತು. "ಹನ್ನೆರಡು ನೆಟ್ಟು ಹನ್ನೆರಡು ಬದುಕಿದ್ದಲ್ಲಿ ಒಂದು ಸಾಯಲು ಹೇಗೆ ಸಾಧ್ಯ? ಅಂಕಿ ತಾಳೆಯಾಗುತ್ತಿಲ್ಲ. ವಿವರಣೆ ನೀಡುವುದು."

ವಿವರಣೆ ಕೊಟ್ಟೆ. ಸತ್ತಿದ್ದು ಸಸಿಯಲ್ಲ, ಅದಕ್ಕೆ ನೀರು ಹಾಕುತ್ತಿದ್ದ ಹೆಂಗಸು. ವಯಸ್ಸು ಐವತ್ತೇಳು. ಆ ಜಾಗದಲ್ಲಿ ನೆರಳಿಲ್ಲ ಎಂದು ನಾವು ಮೊದಲ ಅರ್ಜಿಯಿಂದಲೂ ಹೇಳುತ್ತಾ ಬಂದಿದ್ದೇವೆ.

ಕೊನೆಯ ಪತ್ರ ಮೊನ್ನೆ ಬಂತು. ಪೋರ್ಟಿಕೋದಲ್ಲೇ ನಿಂತು ಒಡೆದೆ. ಇಸ್ತ್ರಿಯಮ್ಮನ ಮಗಳು ನಮ್ಮ ಮನೆಯಾಕೆಯ ಸೀರೆಗೆ ಇಸ್ತ್ರಿ ಹಾಕುತ್ತಿದ್ದಳು. ತಾಯಿಯ ಹಾಗಲ್ಲ ಅವಳು, ನಗುವುದು ಕಡಿಮೆ.

"ಏನಂತೆ ಸಾರ್?"

ಓದಿದೆ. "ತಮ್ಮ ವಿವರಣೆಯನ್ನು ಪರಿಶೀಲಿಸಲಾಗಿದೆ. ಬಿಸಿಲಿನಿಂದ ಸತ್ತಿರುವುದು ನಿರ್ವಹಣೆಯಲ್ಲಿನ ಲೋಪವನ್ನು ತೋರಿಸುತ್ತದೆ. ಮೊದಲ ಎರಡು ಬೇಸಿಗೆಗಳಲ್ಲಿ ಕಡ್ಡಾಯವಾಗಿ ನೆರಳು ಪರದೆ ಕಟ್ಟತಕ್ಕದ್ದು. ನೆರಳು ಪರದೆಗೆ ಪ್ರತ್ಯೇಕ ಅನುದಾನ ಲಭ್ಯವಿದ್ದು, ಅರ್ಜಿ ನಮೂನೆಯನ್ನು ಇದರೊಂದಿಗೆ ಲಗತ್ತಿಸಿದೆ."

ಅವಳು ಪೆಟ್ಟಿಗೆ ಕೆಳಗಿಟ್ಟಳು. ಗೇಟಿನಾಚೆ, ಮೂಲೆಯ ಕಾಂಪೌಂಡಿನ ಹತ್ತಿರ, ಮಧ್ಯಾಹ್ನದ ಬಿಸಿಲಲ್ಲಿ ಕಾಯುತ್ತಾ ನಿಂತಿದ್ದ ನನ್ನ ಕಾರಿನ ಕಡೆ ನೋಡಿದಳು.

"ಹಾಕಿ ಸಾರ್ ಅರ್ಜಿ. ಪಾಪ, ನಿಮ್ಮ ಕಾರಿಗಾದ್ರೂ ನೆರಳು ಬೇಕಲ್ವಾ."